ಕೊಂದರೂ ಮತ್ತೆ ಏಳುವ ಲಾಗಿನ್ ಪರದೆ

ರಾಯಚೂರಿನ ರಾಜೇಂದ್ರ ಗಂಜಿನ ಅಡತಿ ಅಂಗಡಿಯಾಗಲಿ, ಗಂಗಾವತಿ ಅಥವಾ ಸಿಂಧನೂರಿನ ಅಕ್ಕಿ ಗಿರಣಿಯ ಕಚೇರಿಯಾಗಲಿ, ಹೊಸ ಕಂಪ್ಯೂಟರ್ ಬಂದ ಮೇಲೆ ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪ್ ಒಂದಾದರೂ ಅಲ್ಲಿರುವುದು ಸಾಮಾನ್ಯ. ಅಂಥ ಯಂತ್ರಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಮಾನಿಟರ್ ತೆಗೆದು, ನೆಟ್‌ವರ್ಕ್ ತಂತಿಯೊಂದನ್ನು ಮಾತ್ರ ಜೋಡಿಸಿದರೆ ಲೆಕ್ಕಪತ್ರಗಳ ಪ್ರತಿಗಳನ್ನು ಕಾಯ್ದಿಡುವ ಸರ್ವರ್ ಆಗಿ ಅದು ಇನ್ನೂ ಕೆಲವು ವರ್ಷ ದುಡಿಯಬಲ್ಲದು. ಆದರೆ ಡೆಸ್ಕ್‌ಟಾಪ್‌ಗೆಂದು ಸಿದ್ಧವಾದ ಲಿನಕ್ಸ್, ನೋಡುವವರಿಲ್ಲದಿದ್ದರೂ, ಪ್ರತಿ ಬಾರಿ ಚಾಲೂ ಆದಾಗ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಚಿತ್ರರೂಪದ ಪರದೆಯನ್ನು ಸಿದ್ಧಪಡಿಸಿ, ನೂರಾರು ಎಂಬಿ ಮೆಮೊರಿಯನ್ನು ಅದಕ್ಕಾಗಿಯೇ ಹಿಡಿದಿಟ್ಟುಕೊಂಡು ಕಾಯುತ್ತಿರುತ್ತದೆ. ಎರಡು ಜಿಬಿ ಮೆಮೊರಿಯ ಯಂತ್ರಕ್ಕೆ ಇದು ಸಣ್ಣ ಹೊರೆಯಲ್ಲ. ಇದನ್ನು ನಿಲ್ಲಿಸಿದರೆ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಯಂತ್ರ ತಂಪಾಗಿರುತ್ತದೆ ಎಂದು ಕೆಲವರು ಆಸೆಪಡುತ್ತಾರೆ. ಸುಮ್ಮನೆ ಕುಳಿತ ಲಾಗಿನ್ ಪರದೆ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುವುದಿಲ್ಲವಾದ್ದರಿಂದ ಲಾಭ ಮೆಮೊರಿಯದ್ದೇ ಹೊರತು ತಂಪಿನದಲ್ಲ. ತಂಪು ಬೇಕಾದವರು ಫ್ಯಾನಿನ ಧೂಳು ತೆಗೆಯುವುದು ಮೇಲು.

ಈ ಪರದೆಯನ್ನು ತೋರಿಸುವ ತಂತ್ರಾಂಶಕ್ಕೆ ಡಿಸ್ಪ್ಲೇ ಮ್ಯಾನೇಜರ್ ಎನ್ನುತ್ತಾರೆ. ಯುನಿಕ್ಸ್ ಲೋಕದಲ್ಲಿ 1988ರಲ್ಲಿ ಬಂದ ಎಕ್ಸ್‌ಡಿಎಂ ಈ ವಂಶದ ಹಿರಿಯ. ಈಗ ಗ್ನೋಮ್ ಡೆಸ್ಕ್‌ಟಾಪಿನೊಂದಿಗೆ (ಡೆಸ್ಕ್‌ಟಾಪ್ ಎಂದರೆ ಇಲ್ಲಿ ಕಿಟಕಿ, ಮೆನುಗಳ ಪರಿಸರ) ಜಿಡಿಎಂ, ಕೆಡಿಇ ಜೊತೆಗೆ ಎಸ್‌ಡಿಡಿಎಂ, ಹಗುರವಾದ ಡೆಸ್ಕ್‌ಟಾಪ್‌ಗಳೊಂದಿಗೆ ಲೈಟ್‌ಡಿಎಂ ಹೆಚ್ಚಾಗಿ ಕಾಣಸಿಗುತ್ತವೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಲವು ವರ್ಷ ಲೈಟ್‌ಡಿಎಂ ಬಳಸಿ, 2017ರ ಅಕ್ಟೋಬರ್‌ನಲ್ಲಿ ಬಂದ 17.10ನೇ ಆವೃತ್ತಿಯಿಂದ ಜಿಡಿಎಂಗೆ ಮರಳಿತು. ಹಳೆಯ ಟಿಪ್ಪಣಿಗಳನ್ನು ನೋಡಿ ಲೈಟ್‌ಡಿಎಂ ನಿಲ್ಲಿಸಲು ಹೊರಟವರಿಗೆ ಅಂಥ ಸೇವೆಯೇ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇಲ್ಲ ಎಂಬ ಉತ್ತರ ಸಿಗಲು ಇದೇ ಕಾರಣ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಈ ಯಂತ್ರದಲ್ಲಿ ಓಡುತ್ತಿರುವುದು ಯಾವುದು ಎಂಬುದು. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಿಸ್ಪ್ಲೇ-ಮ್ಯಾನೇಜರ್’ ಎಂಬ ಆಜ್ಞೆ ಅದನ್ನು ಹೇಳುತ್ತದೆ, ಏಕೆಂದರೆ ಡಿಸ್ಪ್ಲೇ-ಮ್ಯಾನೇಜರ್ ಎಂಬ ಸಾಮಾನ್ಯ ಹೆಸರು ನಿಜವಾದ ಸೇವೆಯ ಕಡೆಗೆ ಬೊಟ್ಟು ಮಾಡುವ ಕೊಂಡಿ ಅಷ್ಟೇ.

ಬಹಳಷ್ಟು ಜನ ಎಡವುವುದು ಇದರ ನಂತರ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಜಿಡಿಎಂ ಅನ್ನು ಹುಡುಕಿ, ಅದರ ಸಂಖ್ಯೆ ಹಿಡಿದು, ‘ಕಿಲ್’ ಆಜ್ಞೆ ಕೊಡುತ್ತಾರೆ. ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಅದೇ ಲಾಗಿನ್ ಚೌಕ ಬಂದು ನಿಲ್ಲುತ್ತದೆ. ಹೊಲದ ಕರಕಿಯನ್ನು ಮೇಲಿಂದ ಮೇಲೆ ಕೊಯ್ದಂತೆ ಇದು. ಬೇರು ಬೇರೆಡೆ ಇದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಎದ್ದ ಕೂಡಲೇ ಚಾಲೂ ಮಾಡುವ ಮೊದಲನೆಯ ಪ್ರೋಗ್ರಾಂ, ಅಂದರೆ ಒಂದನೇ ಸಂಖ್ಯೆಯ ಪ್ರೋಸೆಸ್, ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಆಗಿರುತ್ತದೆ. ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವುದೂ ಅವು ಬಿದ್ದರೆ ಗಮನಿಸುವುದೂ ಅದರ ಕೆಲಸ. ಡಿಸ್ಪ್ಲೇ ಮ್ಯಾನೇಜರ್‌ನ ಸೇವಾ ಕಡತದಲ್ಲಿ ಸಾಮಾನ್ಯವಾಗಿ ‘ರೀಸ್ಟಾರ್ಟ್=ಆಲ್ವೇಸ್’ ಎಂಬ ಸಾಲು ಇರುತ್ತದೆ. ಪ್ರೋಗ್ರಾಂ ಯಾವ ಕಾರಣಕ್ಕೆ ಸತ್ತರೂ ಮತ್ತೆ ಎಬ್ಬಿಸು ಎಂಬುದು ಅದರ ಅರ್ಥ. ಕೊಂದವರು ಯಂತ್ರದ ಯಜಮಾನರೋ, ಗ್ರಾಫಿಕ್ಸ್ ಡ್ರೈವರ್‌ನ ದೋಷವೋ ಎಂಬ ವ್ಯತ್ಯಾಸ ಸಿಸ್ಟಮ್‌ಡಿಗೆ ತಿಳಿಯುವುದಿಲ್ಲ. ಆದರೆ ಈ ತಾಳ್ಮೆಗೂ ಮಿತಿಯಿದೆ: ಬೇರೆ ಸೂಚನೆ ಇಲ್ಲದಿದ್ದರೆ, ಹತ್ತು ಸೆಕೆಂಡಿನೊಳಗೆ ಐದು ಬಾರಿ ಎಬ್ಬಿಸಿದ ಸೇವೆಯನ್ನು ಸಿಸ್ಟಮ್‌ಡಿ ಆರನೆಯ ಬಾರಿ ಎಬ್ಬಿಸಲು ಒಪ್ಪುವುದಿಲ್ಲ. ಹಾಳಾದ ಡ್ರೈವರ್ ಇರುವ ಕಂಪ್ಯೂಟರ್ ಹಲವು ಬಾರಿ ಮಿಟುಕಿ ಕೊನೆಗೆ ಕಪ್ಪಾಗಿ ನಿಂತುಬಿಡುವುದರ ಹಿಂದೆ ಹೆಚ್ಚಾಗಿ ಈ ಲೆಕ್ಕವೇ ಇರುತ್ತದೆ.

ಹೀಗಾಗಿ ನಿಲ್ಲಿಸುವ ಮಾತನ್ನು ಹೇಳಬೇಕಾದದ್ದು ಪ್ರೋಗ್ರಾಂಗಲ್ಲ, ಅದನ್ನು ಎಬ್ಬಿಸುವ ಸಿಸ್ಟಮ್‌ಡಿಗೆ. ‘ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಡಿಸ್ಪ್ಲೇ-ಮ್ಯಾನೇಜರ್’ ಎಂದರೆ (ಸುಡೊ ಎಂಬುದು ಯಜಮಾನರ ಅಧಿಕಾರದಿಂದ ಆಜ್ಞೆ ಕೊಡುವ ಮಾತು) ಇದು ಬೇಕೆಂದೇ ನಿಲ್ಲಿಸಿದ್ದು ಎಂದು ಸಿಸ್ಟಮ್‌ಡಿ ದಾಖಲಿಸಿಕೊಳ್ಳುತ್ತದೆ, ಮತ್ತೆ ಎಬ್ಬಿಸುವ ನಿಯಮವನ್ನು ಆಗ ಅನ್ವಯಿಸುವುದಿಲ್ಲ. ಈ ಆಜ್ಞೆಯನ್ನು ಡೆಸ್ಕ್‌ಟಾಪಿನೊಳಗೆ ತೆರೆದ ಟರ್ಮಿನಲ್ ಕಿಟಕಿಯಿಂದ ಕೊಡಬಾರದು. ಡಿಸ್ಪ್ಲೇ ಮ್ಯಾನೇಜರ್ ನಿಂತಾಗ ಅದು ತೆರೆದ ಸೆಷನ್, ಅದರೊಳಗಿನ ಕಿಟಕಿಗಳು ಮತ್ತು ಉಳಿಸದ ಕಡತಗಳು ಎಲ್ಲವೂ ಹೋಗುತ್ತವೆ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಅಕ್ಷರಗಳಷ್ಟೇ ಇರುವ ಕನ್ಸೋಲ್‌ಗೆ ಹೋಗಿ, ಅಥವಾ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಸಂಪರ್ಕ) ಮೂಲಕ ಒಳಬಂದು ಕೊಡುವುದು ಸರಿಯಾದ ಕ್ರಮ. ಕನ್ಸೋಲ್‌ಗೆ ಹೋದ ಮಾತ್ರಕ್ಕೆ ಚಿತ್ರರೂಪದ ಪರದೆ ನಿಂತಿತು ಎಂದು ತಿಳಿಯುವುದೂ ತಪ್ಪು. ಅದು ಹಿಂದೆ ಓಡುತ್ತಲೇ ಇರುತ್ತದೆ. ಎನ್ವಿಡಿಯಾ ಡ್ರೈವರನ್ನು ಆ ಕಂಪನಿಯ ಅನುಸ್ಥಾಪಕದಿಂದಲೇ ಹಾಕಲು ಹೋದವರಿಗೆ ‘ಎಕ್ಸ್ ಸರ್ವರ್ ಓಡುತ್ತಿದೆ, ನಿಲ್ಲಿಸಿ ಬನ್ನಿ’ ಎಂಬ ಅರ್ಥದ ತಕರಾರು ಬರುವುದು ಇದರಿಂದಲೇ (ಎಕ್ಸ್ ಸರ್ವರ್ ಎಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಂ). ನಿಲ್ಲಿಸಿದ ಬಳಿಕವೂ ಮಾನಿಟರ್ ಕಪ್ಪಾಗಿಯೇ ಇದ್ದರೆ ಗಾಬರಿಯಾಗದೆ ಅದೇ ಕೀಲಿಗಳನ್ನು ಎಫ್2ರಿಂದ ಎಫ್6ರವರೆಗೆ ಒತ್ತಿ ನೋಡಬೇಕು. ಕನ್ಸೋಲ್ ಇವುಗಳಲ್ಲೊಂದರಲ್ಲಿ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಇದು ಈ ಹೊತ್ತಿಗೆ ಮಾತ್ರ. ಕರೆಂಟು ಹೋಗಿ ಬಂದು ಯಂತ್ರ ಮತ್ತೆ ಚಾಲೂ ಆದಾಗ ಪರದೆ ಮೊದಲಿನಂತೆಯೇ ಬರುತ್ತದೆ, ಏಕೆಂದರೆ ಯಂತ್ರ ಯಾವ ಸ್ಥಿತಿಯವರೆಗೆ ಏಳಬೇಕು ಎಂಬುದು ಬೇರೆಯೇ ಕಡೆ ಬರೆದಿರುತ್ತದೆ. ಹಿಂದೆ ಇದಕ್ಕೆ ರನ್‌ಲೆವೆಲ್ ಎಂಬ ಅಂಕಿಗಳಿದ್ದವು. ಲಿನಕ್ಸ್‌ನ ಇನ್ನೊಂದು ರೂಪವಾದ ರೆಡ್ ಹ್ಯಾಟ್ ವಂಶದಲ್ಲಿ 3 ಎಂದರೆ ಅಕ್ಷರಗಳ ಕನ್ಸೋಲ್, 5 ಎಂದರೆ ಚಿತ್ರರೂಪ. ಮತ್ತೊಂದು ರೂಪವಾದ ಡೆಬಿಯನ್ ಮಾತ್ರ 2ರಿಂದ 5ರವರೆಗಿನ ಎಲ್ಲವನ್ನೂ ಒಂದೇ ಎಂದು ಇಟ್ಟಿತ್ತು, ಹಾಗಾಗಿ ರೆಡ್ ಹ್ಯಾಟ್ ಬಳಸುವವರು ಕೊಟ್ಟ ‘ಇನಿಟ್ 3’ ಎಂಬ ಸಲಹೆ ಡೆಬಿಯನ್ ಬಳಸುವವರಲ್ಲಿ ಏನನ್ನೂ ಮಾಡುತ್ತಿರಲಿಲ್ಲ. ಉಬುಂಟು 2006ರಿಂದ ಅಪ್‌ಸ್ಟಾರ್ಟ್ ಎಂಬ ತನ್ನದೇ ವ್ಯವಸ್ಥೆ ತಂದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. ಲೆನ್ನಾರ್ಟ್ ಪೋಟರಿಂಗ್ 2010ರಲ್ಲಿ ಸಿಸ್ಟಮ್‌ಡಿ ಪ್ರಕಟಿಸಿದಾಗ ತೀವ್ರ ವಿರೋಧ ಎದ್ದಿತು. ಅದರಲ್ಲಿ ಒಂದಿಷ್ಟು ನ್ಯಾಯವೂ ಇತ್ತು. ಆದರೆ 2011ರಲ್ಲಿ ರೆಡ್ ಹ್ಯಾಟ್ ವಂಶದ ಫೆಡೋರಾ, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಅದನ್ನು ಒಪ್ಪಿಕೊಂಡ ಮೇಲೆ ಈ ಒಂದು ವಿಷಯದಲ್ಲಾದರೂ ಎಲ್ಲರಿಗೂ ಒಂದೇ ಉತ್ತರ ಸಿಕ್ಕಿತು ಎಂಬುದನ್ನು ಒಪ್ಪಲೇಬೇಕು. ಅಂಕಿಗಳ ಜಾಗದಲ್ಲಿ ಈಗ ಟಾರ್ಗೆಟ್ ಎಂಬ ಹೆಸರುಗಳಿವೆ. ‘ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್’ ಎಂದು ಒಮ್ಮೆ ಹೇಳಿದರೆ ಮುಂದಿನ ಪ್ರತಿ ಚಾಲನೆಯೂ ಕನ್ಸೋಲ್‌ನಲ್ಲೇ ನಿಲ್ಲುತ್ತದೆ. ಮತ್ತೆ ಬೇಕೆನಿಸಿದಾಗ ಅದೇ ಆಜ್ಞೆಯಲ್ಲಿ ಗ್ರಾಫಿಕಲ್.ಟಾರ್ಗೆಟ್ ಎಂದರಾಯಿತು.

ಸೇವೆಯನ್ನೇ ‘ಡಿಸೇಬಲ್’ ಮಾಡುವ, ಅಂದರೆ ಚಾಲನೆಯ ವೇಳೆ ತಾನಾಗಿ ಏಳದಂತೆ ಮಾಡುವ, ದಾರಿಯನ್ನು ನಾನು ಸೂಚಿಸುವುದಿಲ್ಲ. ಡೆಬಿಯನ್ ವಂಶದಲ್ಲಿ ಡಿಸ್ಪ್ಲೇ-ಮ್ಯಾನೇಜರ್ ಎಂಬ ಕೊಂಡಿಯನ್ನು ಪ್ಯಾಕೇಜ್ ವ್ಯವಸ್ಥೆಯೇ ನೋಡಿಕೊಳ್ಳುವುದರಿಂದ, ಆಜ್ಞೆ ಕೊಟ್ಟರೂ ಕೊಂಡಿ ಹಾಗೆಯೇ ಉಳಿದು ಪರದೆ ಮರಳಿ ಬರುವುದುಂಟು. ‘ಮಾಸ್ಕ್’ ಮಾಡಿದರೆ, ಅಂದರೆ ಯಾರೂ ಎಬ್ಬಿಸಲಾಗದಂತೆ ಮುಚ್ಚಿಟ್ಟರೆ, ಖಂಡಿತ ನಿಲ್ಲುತ್ತದೆ, ಆದರೆ ವರ್ಷದ ನಂತರ ಇನ್ನೊಬ್ಬರು ಮಾನಿಟರ್ ಜೋಡಿಸಿ ಪರದೆ ತರಲು ಹೋದಾಗ ಅದೇಕೆ ಏಳುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಚಿತ್ರರೂಪ ಕೈಕೊಟ್ಟು ಒಳಗೆ ಹೋಗುವ ದಾರಿಯೇ ಇಲ್ಲದಾಗ ಯಂತ್ರ ಚಾಲೂ ಆಗುವಾಗ ಬರುವ ಗ್ರಬ್ ಮೆನುವಿನ ನೆರವು ಪಡೆಯಬಹುದು. ಅಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ಒಂದು ತೆರಪು ಬಿಟ್ಟು 3 ಎಂದು ಸೇರಿಸಿ, ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಆ ಒಂದು ಬಾರಿಗೆ ಮಾತ್ರ ಯಂತ್ರ ಕನ್ಸೋಲ್‌ಗೆ ಬರುತ್ತದೆ. ಈ ಸಾಲಿನಲ್ಲಿ ಬರೆದ ಹಳೆಯ ರನ್‌ಲೆವೆಲ್ ಅಂಕಿಯನ್ನು ಸಿಸ್ಟಮ್‌ಡಿ ಅರ್ಥಮಾಡಿಕೊಳ್ಳುತ್ತದೆ. ಅಲ್ಲಿ ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣುವುದಿಲ್ಲ, ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ.

ವೈಫೈ ನಂಬಿದ ಯಂತ್ರವಾದರೆ ಪರದೆ ತೆಗೆಯುವ ಮೊದಲೇ ಒಂದು ಕೆಲಸವಿದೆ. ವೈಫೈ ಪಾಸ್‌ವರ್ಡ್ ಬಳಕೆದಾರರ ಖಾಸಗಿ ಕೀಲಿಕೋಶದಲ್ಲಿ ಉಳಿದಿದ್ದರೆ, ಡೆಸ್ಕ್‌ಟಾಪ್‌ಗೆ ಲಾಗಿನ್ ಆಗುವವರೆಗೂ ಸಂಪರ್ಕ ಸಿಗುವುದಿಲ್ಲ. ಆ ಸಂಪರ್ಕವನ್ನು ಎಲ್ಲ ಬಳಕೆದಾರರಿಗೂ ಲಭ್ಯ ಎಂದು ಬದಲಿಸಿಟ್ಟಿರಬೇಕು.

ನಮ್ಮವರಿಗೆ ಎದುರಾಗುವ ಕೊನೆಯ ತೊಡಕು ಕನ್ನಡದ್ದು. ‘ತೊಗರಿ ಪಟ್ಟಿ’ ಎಂದು ಹೆಸರಿಟ್ಟ ಕಡತ ಕನ್ಸೋಲ್‌ನಲ್ಲಿ ಬರಿಯ ಚೌಕಗಳಾಗಿ ಕಾಣುತ್ತದೆ. ಕಡತ ಹಾಳಾಗಿಲ್ಲ, ಹೆಸರೂ ಸರಿಯಾಗಿಯೇ ಇದೆ. ಕರ್ನಲ್‌ನ ಕನ್ಸೋಲ್ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು, ಅಲ್ಲದೆ ಒತ್ತಕ್ಷರ ಮತ್ತು ಗುಣಿತಗಳನ್ನು ಜೋಡಿಸಿ ಬರೆಯುವ ಯಂತ್ರಾಂಗ ಅದರಲ್ಲಿಲ್ಲ. ವ್ಯವಸ್ಥೆಯ ಭಾಷೆಯನ್ನೇ ಕನ್ನಡಕ್ಕೆ ಇಟ್ಟವರಿಗೆ ದೋಷದ ಸಂದೇಶಗಳೂ ಹೀಗೆಯೇ ಕಾಣುವುದರಿಂದ, ಆಜ್ಞೆಯ ಮುಂದೆ ‘ಎಲ್‌ಸಿ_ಆಲ್=ಸಿ’ ಎಂದು ಸೇರಿಸಿದರೆ ಅವು ಇಂಗ್ಲಿಷಿನಲ್ಲಿ ಬರುತ್ತವೆ. ಕಡತಗಳ ಹೆಸರು ಓದಲೇಬೇಕಾದಾಗ ಪಕ್ಕದ ಮೇಜಿನ ಕಂಪ್ಯೂಟರಿನಿಂದ, ಕನ್ನಡ ಫಾಂಟ್ ಇರುವ ಕಿಟಕಿಯಲ್ಲಿ, ಎಸ್‌ಎಸ್‌ಎಚ್ ಮೂಲಕ ನೋಡುವುದೇ ಸುಲಭ. ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಆಗ ಆ ಕಂಪ್ಯೂಟರೇ ಮಾಡುತ್ತದೆ.