ಪದ ಪರಿಚಯ: ಮನೆಶಾಲೆ

ಕಳೆದ ತಿಂಗಳು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ವಾಚನಾಲಯದಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ನಮ್ಮ ಮೂವರು ಮಕ್ಕಳನ್ನು ವೇದಿಕೆಗೆ ಕರೆಯುವಾಗ ನಿರೂಪಕರು "ಇವರು ಮನೆಪಾಠದ ಮಕ್ಕಳು" ಎಂದರು. ಮರುದಿನ ಬೆಳಿಗ್ಗೆಯೇ ನನಗೆ ಫೋನು ಬಂತು. "ಅಕ್ಕಾ, ನಿಮ್ಮಲ್ಲಿ ಮನೆಪಾಠ ಉಂಟಂತಲ್ಲ? ನಮ್ಮ ಹುಡುಗನಿಗೆ ಹತ್ತನೆಯ ಲೆಕ್ಕ ಸ್ವಲ್ಪ ಹೇಳಿಕೊಡ್ಲಿಕ್ಕೆ ಆಗ್ತದಾ? ತಿಂಗಳಿಗೆ ಎಷ್ಟಾಗ್ತದೆ?"

ಆ ತಾಯಿಯದು ತಪ್ಪಲ್ಲ. ಮನೆಪಾಠ ಎಂಬ ಮಾತನ್ನು ಅವರು ಸರಿಯಾಗಿಯೇ ತಿಳಿದುಕೊಂಡಿದ್ದರು. ಮಾತು ತಪ್ಪಿದ್ದು ವೇದಿಕೆಯಲ್ಲಿ. ಇದು ಮೊದಲ ಸಲವೂ ಅಲ್ಲ. ಹೋಂ ಸ್ಕೂಲಿಂಗ್‌ಗೆ ಒಂದು ಕನ್ನಡ ಪದ ಬೇಕಾದಾಗಲೆಲ್ಲ ಭಾಷಣದಲ್ಲಿ, ವರದಿಯಲ್ಲಿ, ಆಮಂತ್ರಣದಲ್ಲಿ ಮೊದಲು ಕೈಗೆ ಸಿಗುವುದು ಮನೆಪಾಠವೇ. ಈಗ ಇದರ ತಿರುಗು ಪ್ರಯೋಗವೂ ಶುರುವಾಗಿದೆ. ಒಂದು ಟ್ಯೂಷನ್ ಕೇಂದ್ರದ ಕರಪತ್ರದಲ್ಲಿ "ಸಂಜೆ 5ರಿಂದ 7ರ ತನಕ ಹೋಂ ಸ್ಕೂಲಿಂಗ್" ಎಂದು ಅಚ್ಚಾಗಿತ್ತು. ದಿನಕ್ಕೆ ಎರಡು ಗಂಟೆ, ಅದೂ ಶಾಲೆ ಮುಗಿಸಿ ಬಂದ ಮಕ್ಕಳಿಗೆ!

ಮನೆಪಾಠ ಎಂದರೆ ಟ್ಯೂಷನ್. ಮಾಷ್ಟ್ರು ನಮ್ಮ ಮನೆಗೆ ಬಂದರೂ, ನಮ್ಮ ಮಕ್ಕಳು ಮಾಷ್ಟ್ರ ಮನೆಗೆ ಹೋದರೂ ಹೆಸರು ಅದೇ. ಅದಕ್ಕೆ ಹಿಂದೆ ಒಂದು ಶಾಲೆ ಇರಲೇಬೇಕು. ಶಾಲೆಯಲ್ಲಿ ಅರ್ಧ ತಿಳಿದದ್ದನ್ನು ಪೂರ್ತಿ ಮಾಡುವುದು, ಪರೀಕ್ಷೆಗೆ ತಯಾರು ಮಾಡುವುದು, ಇಷ್ಟೇ ಅದರ ಕೆಲಸ. ಶಾಲೆಗೆ ರಜೆ ಬಿದ್ದರೆ ಮನೆಪಾಠಕ್ಕೂ ರಜೆ. ಮನೆಶಾಲೆ ಹಾಗಲ್ಲ, ಅದು ಶಾಲೆಯ ಜಾಗದಲ್ಲೇ ನಿಂತಿರುವಂಥದ್ದು.

ನಮ್ಮ ಕಾಸರಗೋಡಿನಲ್ಲಿ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಮಲಯಾಳದಲ್ಲಿ "ಗೃಹಪಾಠಂ" ಎಂದರೆ ಹೋಂವರ್ಕ್. ಮರಾಠಿಯಲ್ಲೂ ಗೃಹಪಾಠ ಎಂದರೆ ಅದೇ. ಗೃಹ ಎಂದರೆ ಮನೆ ತಾನೇ ಎಂದುಕೊಂಡು, ಕನ್ನಡ, ಮಲಯಾಳ ಎರಡೂ ಬಲ್ಲ ನಮ್ಮೂರ ಮಕ್ಕಳು ಮನೆಪಾಠವನ್ನು ಹೋಂವರ್ಕ್ ಎಂದು ತಿಳಿಯುತ್ತಾರೆ. ಹೋಂವರ್ಕ್‌ಗೆ ಕನ್ನಡದಲ್ಲಿ ಕೆಲವು ಕಡೆ "ಮನೆಗೆಲಸ" ಎನ್ನುತ್ತಾರೆ, ಅದು ಪಾತ್ರೆ ತೊಳೆಯುವ, ನೆಲ ಗುಡಿಸುವ ಕೆಲಸಕ್ಕೆ ಮೊದಲೇ ಇರುವ ಹೆಸರು. ಹೀಗೆ ಒಂದೇ ಊರಿನಲ್ಲಿ ಒಂದೇ ಪದ ಒಬ್ಬರಿಗೆ ಟ್ಯೂಷನ್, ಇನ್ನೊಬ್ಬರಿಗೆ ಹೋಂವರ್ಕ್. ಮೂರನೆಯ ಅರ್ಥವನ್ನೂ ಅದರ ತಲೆಗೆ ಕಟ್ಟಿದರೆ ಪದ ಯಾರ ಉಪಯೋಗಕ್ಕೂ ಇಲ್ಲ.

ನನಗೆ ಇದಕ್ಕಿಂತ ದೊಡ್ಡ ತಕರಾರು ಪದದ ಎರಡನೆಯ ಭಾಗದ ಮೇಲೆ. ಪಾಠ ಎಂಬುದು ಸಂಸ್ಕೃತದ "ಪಠ್" ಧಾತುವಿನಿಂದ ಬಂದದ್ದು, ಗಟ್ಟಿಯಾಗಿ ಓದು, ಬಾಯಲ್ಲಿ ಹೇಳು ಎಂದು ಅರ್ಥ. ವೇದಪಾಠ, ಬಾಯಿಪಾಠ, ಕಂಠಪಾಠ ಎಲ್ಲವೂ ಬಾಯಿ ಕಿವಿಗಳ ವ್ಯವಹಾರ. ಹಸ್ತಪ್ರತಿಗಳ ನಡುವಿನ ವ್ಯತ್ಯಾಸಕ್ಕೆ ಪಾಠಾಂತರ ಎನ್ನುವುದೂ ಇದೇ ಜಾಡಿನಲ್ಲಿ. ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಿ ಒಪ್ಪಿಸಬೇಕು. ಪಾಠ ಎಂಬ ಪದದೊಳಗೆ ಕೈಗೆ ಕೆಲಸವಿಲ್ಲ.

ಶಾಲೆ ಬೇರೆಯೇ ಕಥೆ. ಸಂಸ್ಕೃತದ "ಶಾಲಾ" ಎಂದರೆ ಮೊದಲು ಮನೆ, ಚಪ್ಪರ, ಕೊಟ್ಟಿಗೆ. ಅಥರ್ವವೇದದಲ್ಲಿ ಹೊಸ ಮನೆ ಕಟ್ಟುವಾಗಿನ ಸೂಕ್ತಗಳಿವೆ, ಅಲ್ಲಿ ಶಾಲೆಯೆಂದರೆ ವಾಸದ ಮನೆಯೇ. ಸಭ್ಯ, ವಿನಯವಂತ ಎಂಬ ಅರ್ಥದ "ಶಾಲೀನ" ಕೂಡ ಈ ಮನೆಯಿಂದಲೇ ಹುಟ್ಟಿದ ಮಾತು. ಆಮೇಲೆ ಮನೆಯೊಳಗೆ ಏನು ನಡೆಯುತ್ತದೋ ಅದರ ಹೆಸರು ಮುಂದೆ ಸೇರಿಕೊಂಡಿತು: ಗೋಶಾಲೆ, ಪಾಕಶಾಲೆ, ಯಜ್ಞಶಾಲೆ, ನಾಣ್ಯ ಹೊಡೆಯುವ ಟಂಕಸಾಲೆ. ಅಕ್ಕಸಾಲಿಗನ ಹೆಸರಿನಲ್ಲಿರುವುದೂ ಈ ಸಾಲೆಯೇ. ಬಯಲುಸೀಮೆಯವರು ಈಗಲೂ "ಸಾಲಿಗೆ ಹೋಗೂದು" ಎನ್ನುತ್ತಾರಲ್ಲ, ಅದು ಅದೇ ತದ್ಭವ. ಇವುಗಳಲ್ಲಿ ಪಾಠಶಾಲೆಯೂ ಒಂದಾಗಿತ್ತು, ಅಷ್ಟೇ. ಕಾಲ ಹೋದಂತೆ "ಪಾಠ" ಉದುರಿ, ಬರೀ ಶಾಲೆ ಎಂದರೂ ಮಕ್ಕಳು ಓದುವ ಕಟ್ಟಡ ಎಂದಾಯಿತು.

ಎಂದರೆ ಶಾಲೆಯ ಮೂಲದಲ್ಲಿರುವುದು ಕೆಲಸ ನಡೆಯುವ ಸೂರು. ಹೋಂ ಸ್ಕೂಲಿಂಗ್‌ಗೆ ಮನೆಶಾಲೆ ಎನ್ನಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮನೆ ಕನ್ನಡ, ಶಾಲೆ ಸಂಸ್ಕೃತ, ಇದು ಅರಿಸಮಾಸ ಎಂದು ತಕರಾರು ತೆಗೆಯುವವರಿದ್ದಾರೆ. ಆ ಲೆಕ್ಕ ಹಿಡಿದರೆ ಮನೆಪಾಠವೂ ಉಳಿಯುವುದಿಲ್ಲ.

ಕೆಲಸ ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಸುರಂಗ ಉಂಟು. ನೀರಿಗಾಗಿ ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಅಡ್ಡಕ್ಕೆ ಕೊರೆದು ಮಾಡಿದ್ದು, ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಪಂಪಿನ ಹಂಗಿಲ್ಲದೆ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತದೆ. ಕಳೆದ ವರ್ಷ ಜನವರಿಯಿಂದ ಪ್ರತಿ ಭಾನುವಾರ ಮಕ್ಕಳು ದಂಬೆಯ ತುದಿಗೆ 10 ಲೀಟರಿನ ಬಾಲ್ದಿ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕೆಂದು ನೋಡತೊಡಗಿದರು. ಆಗ ದೊಡ್ಡವಳಿಗೆ 10 ವರ್ಷ, ನಡುವಿನವನಿಗೆ 7, ಸಣ್ಣವಳಿಗೆ 4.

ಸಣ್ಣವಳಿಗೆ ಇಪ್ಪತ್ತರ ತನಕ ಮಾತ್ರ ಎಣಿಸಲು ಬರುತ್ತಿತ್ತು. ಅಣ್ಣ ಗಡಿಯಾರ ನೋಡಿ ಸೆಕೆಂಡು ಹೇಳುವಾಗ ಅವಳೂ ಜೊತೆಗೆ ಎಣಿಸುವುದು, ಇಪ್ಪತ್ತಾದಾಗಲೆಲ್ಲ ಒಂದು ಅಡಿಕೆ ಪಕ್ಕಕ್ಕೆ ಇಟ್ಟು ಪುನಃ ಒಂದರಿಂದ ಶುರು ಮಾಡುವುದು. ಜನವರಿಯಲ್ಲಿ ಎರಡು ಅಡಿಕೆ. ಏಪ್ರಿಲ್ ಕೊನೆಗೆ ನಾಲ್ಕು. ನಡುವಿನವನು "ಸೆಕೆಂಡು ಜಾಸ್ತಿ ಆಯ್ತು, ಹಾಗಾದ್ರೆ ನೀರೂ ಜಾಸ್ತಿ ಆಯ್ತು" ಎಂದು ಪಟ್ಟು ಹಿಡಿದ. ನಾನು ಬಾಯಲ್ಲಿ ಹೇಳಿದ್ದು ಯಾವುದೂ ತಲೆಗೆ ಹೋಗಲಿಲ್ಲ. ಕೊನೆಗೆ ಅಕ್ಕನೇ ದಾರಿ ಕಂಡುಕೊಂಡಳು. "ಈಗ ಬಾಲ್ದಿ ತುಂಬುವವರೆಗೆ ಕಾಯುವುದು ಬೇಡ, ಸರೀ ನಲ್ವತ್ತಕ್ಕೆ ತೆಗಿ" ಎಂದಳು. ತೆಗೆದ. ಬಾಲ್ದಿಯಲ್ಲಿ ಅರ್ಧವೇ ನೀರು. ಅವನು ತುಂಬ ಹೊತ್ತು ಬಾಲ್ದಿಯನ್ನೇ ನೋಡುತ್ತ ಕೂತ. ದೊಡ್ಡವಳು ಲೆಕ್ಕ ಹಾಕಿದಳು: ಜನವರಿಯಲ್ಲಿ ದಿನಕ್ಕೆ 21,600 ಲೀಟರ್, ಏಪ್ರಿಲಿನಲ್ಲಿ 10,800.

ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ನಾವು ಸುರಂಗ ಎನ್ನುವುದನ್ನು ಮಲಯಾಳದಲ್ಲಿ ತುರಂಕಂ ಎನ್ನುವರೆಂದು ಪಕ್ಕದ ಮನೆಯವರಿಂದ ತಿಳಿಯಿತು. ಕೊರೆಯುವಾಗ ಮೆದುವಾಗಿರುವ ಮುರಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದೇಕೆ ಎಂಬ ಪ್ರಶ್ನೆ ಬಂತು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಅವರು ಅದನ್ನು ಕಂಡು ವಿವರಿಸಿದ್ದು ನಮ್ಮದೇ ಕೇರಳದ ಅಂಗಡಿಪ್ಪುರದಲ್ಲಿ. ಲ್ಯಾಟಿನ್ನಿನ "ಲ್ಯಾಟರ್" ಎಂದರೆ ಇಟ್ಟಿಗೆ. "ಅಮ್ಮಾ, ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಉಂಟಲ್ಲ!" ಎಂದು ದೊಡ್ಡವಳು ಓಡಿ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಣಿತ, ಭೂಗೋಳ, ಭಾಷೆ ಎಂದು ನಾನು ಬೇರೆ ಬೇರೆ ಪೀರಿಯಡ್ ಮಾಡಿರಲಿಲ್ಲ. ಮೂರು ವಯಸ್ಸಿಗೆ ಮೂರು ತಯಾರಿಯೂ ಬೇಕಾಗಲಿಲ್ಲ.

ಇದಕ್ಕೆ ಸಲ್ಲುವ ಹೆಸರು ಪ್ರಾಜೆಕ್ಟ್. ಆ ಪದವೂ ಈಗ ಕೆಟ್ಟಿದೆ. ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಥರ್ಮೋಕೋಲ್ ತಂದು, ಅಪ್ಪ ಕತ್ತರಿಸಿ, ಅಮ್ಮ ಅಂಟಿಸಿ, ಮಗು ಹೊತ್ತುಕೊಂಡು ಹೋಗುವ ವಸ್ತು ಎಂದಾಗಿದೆ. 1918ರಲ್ಲಿ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಮಗು ಮನಸ್ಸಿಟ್ಟು, ತನ್ನದೇ ಉದ್ದೇಶದಿಂದ ಮಾಡುವ ಕೆಲಸವನ್ನು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿಯಲ್ಲಿ ಕೈಕಸುಬೇ ಕಲಿಕೆಯ ನಡುಗಂಬ. ಅಷ್ಟು ದೂರ ಯಾಕೆ, ಇಲ್ಲೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಆಟ, ಪ್ರಯೋಗಗಳ ಜೊತೆ ಬೆಸೆಯಲು ದುಡಿದವರು.

ಇನ್ನು ಯಾವುದು ಮನೆಶಾಲೆ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು, ಕೇರಳ ಸರಕಾರದ ಕೈಟ್ ವಿಕ್ಟರ್ಸ್ ಟಿವಿ ವಾಹಿನಿಯಲ್ಲಿ ಫಸ್ಟ್ ಬೆಲ್ ಎಂಬ ತರಗತಿಗಳು ಶುರುವಾದಾಗ "ಈಗ ಎಲ್ಲರದ್ದೂ ನಿಮ್ಮ ಹಾಗೆಯೇ" ಎಂದು ಹಲವರು ನನಗೆ ಹೇಳಿದರು. ಅದು ಮನೆಗೆ ಬಂದ ಶಾಲೆ. ಪಠ್ಯ, ಸಮಯ, ಅಧ್ಯಾಪಕರು ಎಲ್ಲ ಶಾಲೆಯದೇ ಆಗಿತ್ತು, ಬೆಂಚು ಮಾತ್ರ ಮನೆಯದು. ಗುರುಕುಲವೂ ಇದಲ್ಲ. ಅಲ್ಲಿ ಮಗು ಮನೆ ಬಿಟ್ಟು ಗುರುವಿನ ಮನೆ ಸೇರುತ್ತದೆ, ಇದಕ್ಕೆ ನೇರ ವಿರುದ್ಧ. "ಶಾಲೆ ಬಿಟ್ಟ ಮಕ್ಕಳು" ಎಂಬ ಮಾತು ಮಾತ್ರ ನನಗೆ ನಿಜವಾಗಿ ನೋವು ಕೊಡುತ್ತದೆ. ಬಡತನಕ್ಕೋ ಕಾಯಿಲೆಗೋ ಓದು ನಿಲ್ಲಿಸಬೇಕಾಗಿ ಬಂದ ಮಕ್ಕಳಿಗೆ ಇರುವ ಹೆಸರು ಅದು. ಅವರ ಕಷ್ಟವೇ ಬೇರೆ, ನೆರವು ಬೇಕಾದದ್ದು ಅವರಿಗೆ. ನಮ್ಮ ಮಕ್ಕಳನ್ನು ಆ ಪಟ್ಟಿಗೆ ಸೇರಿಸಿದರೆ ಅವರಿಗೂ ಅನ್ಯಾಯ.

ಕಾನೂನಿನ ಪ್ರಶ್ನೆ ಯಾವಾಗಲೂ ಬರುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೆಯ ಸೆಕ್ಷನ್ ಹೇಳುತ್ತದೆ, ಸೇರಿಸದ ಹೆತ್ತವರಿಗೆ ದಂಡವನ್ನು ಹೇಳುವುದಿಲ್ಲ. ಮನೆಶಾಲೆಯ ಪ್ರಸ್ತಾಪವೇ ಅಲ್ಲಿಲ್ಲ. ಹತ್ತನೆಯ ಪರೀಕ್ಷೆಯನ್ನು 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಬರೆಯಬಹುದು, ನಾವು ನೆಚ್ಚಿಕೊಂಡಿರುವುದೂ ಅದನ್ನೇ.

ಫೋನು ಮಾಡಿದ ಆ ತಾಯಿಗೆ, ನಮ್ಮಲ್ಲಿ ಮನೆಪಾಠ ಇಲ್ಲ, ಮನೆಶಾಲೆ ಉಂಟು, ಹುಡುಗನನ್ನು ಭಾನುವಾರ ಕಳಿಸಿ ಎಂದೆ. ಬಂದ. ಮೊದಲು ಸ್ವಲ್ಪ ನಾಚಿಕೊಂಡು ದೂರ ನಿಂತಿದ್ದ. ನಡುವಿನವನು ಬಾಲ್ದಿ ಅವನ ಕೈಗೆ ಕೊಟ್ಟು ತಾನು ಗಡಿಯಾರ ಹಿಡಿದ. ಆ ದಿನ 52 ಸೆಕೆಂಡು. ಸಣ್ಣವಳು ಎರಡು ಅಡಿಕೆ ಇಟ್ಟು, ಉಳಿದ ಹನ್ನೆರಡಕ್ಕೆ ಏನು ಇಡುವುದೆಂದು ಅವನನ್ನೇ ಕೇಳಿದಳು.