ನವಲಗುಂದದ ಕೆರೆ ಉಳಿಯಿತು, ಉಣಕಲ್ ಕೆರೆ ಕೆಟ್ಟಿತು: ಏಕೆ?

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಸಂಜೆ ಗಾಳಿಸೇವನೆಗೆ ಬರುವವರಿಗೆ ಕೊರತೆಯಿಲ್ಲ. ಆದರೆ ಅದರ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವ ಧೈರ್ಯ ಯಾರಿಗೂ ಇಲ್ಲ. ಅದೇ ಜಿಲ್ಲೆಯ ನವಲಗುಂದದಲ್ಲಿ ನೀಲಮ್ಮನ ಕೆರೆ, ಚನ್ನಮ್ಮನ ಕೆರೆ ಎಂದರೆ ಊರಿನ ಕುಡಿಯುವ ನೀರು. ಸುತ್ತಲಿನ ಅನೇಕ ಹಳ್ಳಿಗಳಲ್ಲೂ ಹೀಗೆಯೇ. ಹಳ್ಳಿಯವರು ಒಳ್ಳೆಯವರು, ಪೇಟೆಯವರು ಹೊಣೆಗೇಡಿಗಳು ಎಂದು ತೀರ್ಪು ಕೊಟ್ಟು ಮುಗಿಸುವುದು ಸುಲಭ. ಅದು ನಿಜವಲ್ಲ. ನವಲಗುಂದದ ಜನರಿಗೆ ಬೇರೆ ದಾರಿ ಇರಲಿಲ್ಲ, ಹುಬ್ಬಳ್ಳಿಯವರಿಗೆ ಇತ್ತು. ಕತೆ ಶುರುವಾಗುವುದು ಅಲ್ಲಿಂದ.

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ, ಈ ಭಾಗ ಬಹುಪಾಲು ಎರೆಭೂಮಿ. ಕಪ್ಪು ಮಣ್ಣು ನೀರು ಹೀರಿ ಹಿಗ್ಗುತ್ತದೆ, ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರಲ್ಲಿ ತೋಡಿದ ಕೆರೆಯ ನೀರು ಇಂಗುವುದು ಕಡಿಮೆ, ಬಿಸಿಲಿಗೆ ಆರುವುದೇ ಹೆಚ್ಚು. ಅದೇ ನೆಲದಲ್ಲಿ ಬಾವಿ ತೋಡಿದರೆ, ಬೋರ್‌ವೆಲ್ ಕೊರೆಸಿದರೆ ಬಹಳ ಕಡೆ ಸಿಗುವುದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಹಾಗಾಗಿ ಮಳೆನೀರು ಹಿಡಿದಿಟ್ಟ ಕೆರೆಯೇ ಊರಿಗೆ ಗತಿಯಾಯಿತು. ಮುಂದೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು, ಬಲದಂಡೆ ಕಾಲುವೆ ಈ ಕಡೆ ಹರಿದ ಮೇಲೆ ಕಾಲುವೆಯ ನೀರಿನಿಂದ ಕೆರೆ ತುಂಬಿಸುವ ಪದ್ಧತಿ ಬೆಳೆಯಿತು. 1980ರಲ್ಲಿ ನವಲಗುಂದ, ನರಗುಂದದ ರೈತರು ಬಂಡೆದ್ದದ್ದು ಇದೇ ಕಾಲುವೆಯ ಕರದ ವಿರುದ್ಧ. ಹೊಲಕ್ಕೆ ಸಾಕಾಗದ ನೀರಿನ ಜಗಳ ಒಂದು ಕಡೆ ನಡೆದಿದ್ದರೂ ಗಂಟಲಿಗೆ ಬೇಕಾದ ನೀರು ಅದೇ ಕಾಲುವೆಯಿಂದ ಬರತೊಡಗಿತು.

ಕುಡಿಯುವ ಕೆರೆಯ ಕಟ್ಟಳೆಗಳನ್ನು ಯಾವ ಇಲಾಖೆಯೂ ಬರೆದುಕೊಟ್ಟದ್ದಲ್ಲ. ಚಪ್ಪಲಿ ಮೆಟ್ಟಿಲ ಮೇಲೆಯೇ ಬಿಡಬೇಕು. ದನಗಳಿಗೆ, ಬಟ್ಟೆ ಒಗೆಯುವುದಕ್ಕೆ ಬೇರೆ ಹೊಂಡ. ಹೊರಗೆ ತೊಳೆದು ತಂದ ಕೊಡವನ್ನು ಓರೆ ಮಾಡಿ, ಮೇಲಿನ ಕಸ ಬದಿಗೆ ಸರಿಸಿ, ಮೆಲ್ಲಗೆ ಮುಳುಗಿಸಬೇಕು. ಒಳಗೆ ಕೈಯಾಡಿಸಿ ರಾಡಿ ಎಬ್ಬಿಸಿದವರಿಗೆ ಹಿಂದೆ ನಿಂತ ಹೆಂಗಸರ ಬೈಗುಳ ಖಾತ್ರಿ. ಮನೆಗೆ ತಂದ ನೀರು ಎರೆಮಣ್ಣಿನ ಬಣ್ಣದಿಂದ ಮಬ್ಬಾಗಿರುತ್ತದೆ. ಅರಿವೆಯಲ್ಲಿ ಸೋಸಿ, ಪಟಕದ ಹರಳನ್ನು ಒಂದೆರಡು ಸುತ್ತು ಆಡಿಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ರಾಡಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ.

ನೀರಿಗೆ ಕಾಲಿಡಬಾರದು ಎಂಬ ಕಟ್ಟಳೆ ಬರಿಯ ಮಡಿವಂತಿಕೆಯಲ್ಲ. ಹಿಂದೆ ಉತ್ತರ ಕರ್ನಾಟಕವನ್ನು ಕಾಡಿದ ನಾರುಹುಣ್ಣು ಹರಡುತ್ತಿದ್ದದ್ದು ಹೀಗೆಯೇ. ಕಾಲಿನ ಗುಳ್ಳೆಯಿಂದ ಹೊರಬರುವ ಹುಳು, ಆ ಕಾಲು ನೀರಿಗೆ ಬಿದ್ದ ಕೂಡಲೇ ಮರಿಗಳನ್ನು ಬಿಡುತ್ತದೆ. ಅವನ್ನು ನುಂಗಿದ ಸಣ್ಣ ನೀರಚಿಗಟಗಳು ಕುಡಿಯುವ ನೀರಿನ ಜೊತೆ ಇನ್ನೊಬ್ಬರ ಹೊಟ್ಟೆ ಸೇರುತ್ತವೆ. ಸುಮಾರು ವರ್ಷದ ಮೇಲೆ ಅವರ ಕಾಲಲ್ಲೂ ಗುಳ್ಳೆ ಏಳುತ್ತದೆ. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ದೇಶ ಈ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟದ್ದು 2000ದಲ್ಲಿ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದ್ದು, ನೀರನ್ನು ಅರಿವೆಯಲ್ಲಿ ಸೋಸಿದ್ದು, ಹುಣ್ಣಿದ್ದವರನ್ನು ನೀರಿಗಿಳಿಯದಂತೆ ತಡೆದದ್ದು, ಗೆಲುವಿಗೆ ಇವೇ ಮುಖ್ಯ ಆಯುಧ. ಅಕ್ಕಪಕ್ಕದವರ ಕಣ್ಣು ಇಲ್ಲದಿದ್ದರೆ ಇವುಗಳಲ್ಲಿ ಯಾವುದೂ ನಡೆಯುತ್ತಿರಲಿಲ್ಲ.

ಆ ಕಣ್ಣಿಗೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಹೊಗಳುವುದು ಅಪ್ರಾಮಾಣಿಕತೆ. ಕೆರೆ ಕಾಯುವುದೆಂದರೆ ದಲಿತರನ್ನು ಮೆಟ್ಟಿಲಿನಿಂದ ದೂರ ನಿಲ್ಲಿಸುವುದು ಎಂದೂ ಅರ್ಥವಿತ್ತು. ಮೇಲ್ಜಾತಿಯವರು ಕೊಡದಿಂದ ಕೊಡಕ್ಕೆ ಎತ್ತಿ ಸುರಿಯುವ ತನಕ ಅವರು ಕಾಯಬೇಕಿತ್ತು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಸಾರ್ವಜನಿಕ ಕೆರೆ, ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ಆ ಪ್ರಾಂತ್ಯದ ಶಾಸನಸಭೆ 1923ರಲ್ಲೇ ಗೊತ್ತುವಳಿ ಮಾಡಿತ್ತು. ಅದು ಕಾಗದದಲ್ಲೇ ಉಳಿದದ್ದರಿಂದ 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಗೆ ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಬೇಕಾಯಿತು.

ಈಗ ಹುಬ್ಬಳ್ಳಿ-ಧಾರವಾಡಕ್ಕೆ ಬರೋಣ. ಉಣಕಲ್ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ. ಧಾರವಾಡದ ಕೆಲಗೇರಿ ಕೆರೆಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ್ದೂ ಕುಡಿಯುವ ನೀರಿಗೆಂದೇ. ಊರು ಬೆಳೆಯಿತು, ಕೆರೆ ಸಾಲಲಿಲ್ಲ. 1950ರ ದಶಕದಲ್ಲಿ ಕಲಘಟಗಿ ಕಡೆಯ ನೀರಸಾಗರದಿಂದ ಹುಬ್ಬಳ್ಳಿಗೆ ಕೊಳವೆ ಬಂತು, ಆಮೇಲೆ ಮಲಪ್ರಭೆಯ ನೀರೂ ಬಂತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ದಾರಿ ಯಾರಿಗೆ ಬೇಕು? ಮೇಲ್ಗಡೆ ಬಡಾವಣೆಗಳು ಎದ್ದವು, ಮಳೆನೀರು ಬರುತ್ತಿದ್ದ ಹಳ್ಳಗಳಲ್ಲಿ ಚರಂಡಿ ನೀರು ಬರತೊಡಗಿತು. ಅದನ್ನು ನೋಡಿ ಬೈಯುವ ಹೆಂಗಸರು ಕೊಡ ಹಿಡಿದು ಅಲ್ಲಿ ನಿಂತಿರಲಿಲ್ಲ.

ಚರಂಡಿ ನೀರಿನಲ್ಲಿ ಸಾರಜನಕವೂ ರಂಜಕವೂ ಧಾರಾಳ. ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆ ಕಳೆಗೆ ಅದು ಮೃಷ್ಟಾನ್ನ. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ, ಬೆಳಕು ತಡೆಯುತ್ತದೆ, ಕೆಳಗೆ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಉದುರಿದ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಉಣಕಲ್‌ನಲ್ಲಿ ಯಂತ್ರ ತಂದು ತೆಗೆಸಿದರು, ಅದು ಮತ್ತೆ ಬೆಳೆಯಿತು. ಭಾನುವಾರದ ಶ್ರಮದಾನಕ್ಕೆ ಬರುವವರ ಬಗ್ಗೆ ನನಗೆ ಗೌರವವಿದೆ. ಆದರೆ ಕಳೆ ಕೀಳುವ ಕೈಗಳಲ್ಲಿ ಅರ್ಧದಷ್ಟು ಹಳ್ಳದ ಗುಂಟ ಮೇಲಕ್ಕೆ ನಡೆದು, ಯಾವ ಬಡಾವಣೆಯ, ಯಾವ ಮನೆಸಾಲಿನ ಕೊಳವೆ ಒಳಚರಂಡಿಗೆ ಕೂಡದೆ ಹಳ್ಳಕ್ಕೆ ಬಿದ್ದಿದೆ ಎಂದು ಪಟ್ಟಿ ಮಾಡಿದರೆ ಹೆಚ್ಚು ಉಪಯೋಗ. ಅದರಲ್ಲಿ ತೊಡಕೂ ಇದೆ. ಆ ಪಟ್ಟಿಯಲ್ಲಿ ತಮ್ಮದೇ ಓಣಿಯ ಹೆಸರು ಬರಬಹುದು. ಅವಳಿ ನಗರದ ಕುಡಿಯುವ ನೀರಿಗೆಂದು ಮಹದಾಯಿಗಾಗಿ ದಶಕಗಳ ಹೋರಾಟ ನಡೆದಿದೆ, 2018ರಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು. ಆ ಬೇಡಿಕೆ ನ್ಯಾಯವಾದದ್ದೇ. ಆದರೂ ಕೈಯಲ್ಲಿದ್ದ ಕೆರೆಯನ್ನು ಚರಂಡಿಗೆ ಬಿಟ್ಟುಕೊಟ್ಟು ದೂರದ ನದಿ ಕೇಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ನವಲಗುಂದದ ಕಡೆಯವರ ಕಾವಲೂ ಕೆಲವೊಮ್ಮೆ ದಾರಿ ತಪ್ಪಿದೆ. 2018ರಲ್ಲಿ ಆ ತಾಲ್ಲೂಕಿನ ಒಂದು ಊರಿನ ಕುಡಿಯುವ ಕೆರೆಯಲ್ಲಿ ಶವ ಸಿಕ್ಕಿತು, ಸತ್ತವರಿಗೆ ಎಚ್‌ಐವಿ ಇತ್ತೆಂಬ ಮಾತು ಹಬ್ಬಿತು. ಎಚ್‌ಐವಿ ನೀರಿನಿಂದ ಹರಡುವುದಿಲ್ಲ ಎಂದು ಅಧಿಕಾರಿಗಳು ಎಷ್ಟು ಹೇಳಿದರೂ ಊರು ಒಪ್ಪಲಿಲ್ಲ. ಕಡೆಗೆ ಇಡೀ ಕೆರೆ ಖಾಲಿ ಮಾಡಿಸಿ ಕಾಲುವೆಯ ನೀರು ತುಂಬಿಸಬೇಕಾಯಿತು. ಇದೊಂದು ಶುದ್ಧ ಅಂಧಭಯ. ಆದರೆ ಅಷ್ಟು ಜನ ಒಗ್ಗಟ್ಟಾಗಿ ಪಟ್ಟು ಹಿಡಿದದ್ದು ತಾವು ಕುಡಿಯುವ ನೀರಿಗಾಗಿ ಎಂಬುದನ್ನೂ ಮರೆಯುವಂತಿಲ್ಲ.

ಈಗ ಆ ಹಳ್ಳಿಗಳಿಗೂ ನಲ್ಲಿ ಬರುತ್ತಿದೆ. ಮೊದಲು ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. 2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಮಲಪ್ರಭೆಯಿಂದ ಮನೆಮನೆಗೆ ನೀರು ಕೊಡುವ ಬಹುಗ್ರಾಮ ಯೋಜನೆಗೆ ಕೊಳವೆ ಹಾಕುವ ಕೆಲಸ ಆರಂಭವಾಯಿತು. ಬರಲೇಬೇಕು, ಕೊಡ ಹೊತ್ತು ಸೊಂಟ ನೋಯಿಸಿಕೊಂಡವರನ್ನು ಕೇಳಿ ನೋಡಿ. ಆದರೆ ಹುಬ್ಬಳ್ಳಿಯಲ್ಲಿ ಕೆರೆಯ ಕೇಡು ಶುರುವಾದದ್ದೂ ನಲ್ಲಿಯಿಂದಲೇ. ಜಲಾಶಯ ಬರಿದಾದ ವರ್ಷ, ಮೋಟಾರು ಸುಟ್ಟ ವಾರ, ಕೊಳವೆ ಒಡೆದ ದಿನ ಮತ್ತೆ ಕೆರೆಯ ಕಡೆಗೇ ಓಡಬೇಕು. ಕುಡಿಯುವ ನೀರಿನ ಕೆರೆ ಎಂದೇ ಅದನ್ನು ಪಂಚಾಯಿತಿಯ ದಾಖಲೆಯಲ್ಲಿ ಉಳಿಸಿಕೊಳ್ಳುವುದು, ಕಾವಲುಗಾರನ ಪಗಾರ ನಿಲ್ಲಿಸದಿರುವುದು, ಬೇಸಿಗೆಯಲ್ಲಿ ಹೂಳು ತೆಗೆಸುವುದು, ಗ್ರಾಮಸಭೆಯಲ್ಲಿ ಠರಾವು ಆಗಬೇಕಾದದ್ದು ಇಷ್ಟು. ಅದೂ ಮನೆಗಳಿಗೆ ನಲ್ಲಿ ಕೂಡಿಸುವ ಮುಂಚೆಯೇ.