ಹಳೆಯ ಫ್ರೆಂಚ್‌ಗೆ ಜರ್ಮನ್ ಮೇಷ್ಟರು ಏಕೆ?

ಓದುಗರ ಪ್ರಶ್ನೆ: ಮಧ್ಯಯುಗದ ಫ್ರೆಂಚ್ ಭಾಷೆ, ಸಾಹಿತ್ಯಗಳ ಬಗ್ಗೆ ಏನನ್ನು ಓದಲು ಹೊರಟರೂ ಜರ್ಮನ್ ವಿದ್ವಾಂಸರ ಹೆಸರುಗಳೇ ಎದುರಾಗುತ್ತವೆ. ಫ್ರೆಂಚರ ಹಳೆಯ ನುಡಿಯನ್ನು ಅಭ್ಯಾಸ ಮಾಡುವ ಶಾಸ್ತ್ರ ಜರ್ಮನ್ನರ ಕೈಯಲ್ಲಿ ರೂಪುಗೊಂಡದ್ದು ಹೇಗೆ?

ಉತ್ತರ: ಫ್ರೆಂಚರು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ದಕ್ಷಿಣ ಫ್ರಾನ್ಸ್‌ನ ಟ್ರೂಬಡೂರ್ ಕವಿಗಳ ಪದ್ಯಗಳನ್ನು ಹಸ್ತಪ್ರತಿಗಳಿಂದ ಆರಿಸಿ ಫ್ರಾಂಸ್ವಾ ರೇನ್ವಾರ್ ಅವರು 1816ರಿಂದಲೇ ಸಂಪುಟಗಳಾಗಿ ಹೊರತರುತ್ತಿದ್ದರು. ಆದರೆ ಲ್ಯಾಟಿನ್‌ಗೂ ಇಂದಿನ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್‌ಗಳಿಗೂ ನಡುವೆ ಎಲ್ಲರಿಗೂ ಸಮಾನವಾದ ಒಂದು ನುಡಿ ಇತ್ತೆಂದೂ, ಟ್ರೂಬಡೂರರ ಪ್ರೊವಾನ್ಸಾಲ್ ಹೆಚ್ಚುಕಡಿಮೆ ಅದೇ ನುಡಿಯೆಂದೂ ಅವರು ನಂಬಿದ್ದರು. ಈ ನಂಬಿಕೆಯನ್ನು ಸಾಕ್ಷ್ಯಸಮೇತ ಬದಿಗೆ ಸರಿಸಿದವರು ಬಾನ್ ವಿಶ್ವವಿದ್ಯಾಲಯದ ಫ್ರೀಡ್ರಿಶ್ ಡೀಟ್ಸ್. ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅವರ ವೃತ್ತಿಜೀವನದಲ್ಲೇ ಇದೆ.

ಡೀಟ್ಸ್ ಹುಟ್ಟಿದ್ದು 1794ರಲ್ಲಿ, ಗೀಸೆನ್ ಪಟ್ಟಣದಲ್ಲಿ. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕರಾಗಿ ಫ್ರಾನ್ಸ್‌ಗೆ ಹೋಗಿ ಬಂದ ಈ ತರುಣ, 1818ರಲ್ಲಿ ಯೇನಾದಲ್ಲಿ ಕವಿ ಗಯಟೆಯವರನ್ನು ಕಂಡರು. ರೇನ್ವಾರ್ ಅವರ ಸಂಪುಟಗಳನ್ನು ಓದುವಂತೆ ಸೂಚಿಸಿದವರು ಗಯಟೆಯೇ. ಡೀಟ್ಸ್ ಬಗ್ಗೆ ಬರೆಯುವವರೆಲ್ಲ ಈ ಭೇಟಿಯನ್ನು ದೊಡ್ಡದು ಮಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮರುವರ್ಷ, ಅಂದರೆ 1819ರಲ್ಲಿ, ಯಾಕೋಬ್ ಗ್ರಿಮ್ ಅವರ ಜರ್ಮನ್ ವ್ಯಾಕರಣದ ಮೊದಲ ಸಂಪುಟ ಹೊರಬಂದದ್ದು. ಒಂದು ಭಾಷೆಯ ಇಂದಿನ ರೂಪವನ್ನು ಅದರ ಹಳೆಯ ರೂಪಗಳೊಂದಿಗೂ ನೆಂಟ ಭಾಷೆಗಳೊಂದಿಗೂ ಸಾಲಾಗಿ ಇಟ್ಟು, ಧ್ವನಿಗಳು ಯಾವ ಕ್ರಮದಲ್ಲಿ ಬದಲಾದವೆಂದು ಹುಡುಕುವ ವಿಧಾನವನ್ನು ಗ್ರಿಮ್ ತೋರಿಸಿಕೊಟ್ಟಿದ್ದರು. ಡೀಟ್ಸ್ ಅದನ್ನು ಲ್ಯಾಟಿನ್‌ನ ಸಂತಾನಕ್ಕೆ ಅನ್ವಯಿಸಿದರು.

ಹುದ್ದೆಯ ದೃಷ್ಟಿಯಿಂದ ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥ ಏರಿಳಿತವಿಲ್ಲ. ಕೆಲಕಾಲ ಉಟ್ರೆಕ್ಟ್‌ನಲ್ಲಿ ಮನೆಪಾಠ ಹೇಳಿ, 1820ರ ದಶಕದ ಆರಂಭದಲ್ಲಿ ಬಾನ್‌ಗೆ ಬಂದು ಭಾಷೆ ಕಲಿಸುವ ಸಣ್ಣ ಹುದ್ದೆ ಹಿಡಿದರು. 1830ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. 1876ರಲ್ಲಿ ತೀರಿಕೊಳ್ಳುವವರೆಗೂ ಆ ಊರು ಬಿಡಲಿಲ್ಲ. ಮೊದಲು ಬಂದವು ಟ್ರೂಬಡೂರರ ಕುರಿತ ಎರಡು ಪುಸ್ತಕಗಳು, 1826 ಮತ್ತು 1829ರಲ್ಲಿ. ಆಮೇಲೆ 1836ರಿಂದ 1844ರ ನಡುವೆ ರೋಮಾನ್ಸ್ ಭಾಷೆಗಳ, ಅಂದರೆ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳ, ಮೂರು ಸಂಪುಟಗಳ ವ್ಯಾಕರಣ, 1853ರಲ್ಲಿ ಅದೇ ಭಾಷೆಗಳ ವ್ಯುತ್ಪತ್ತಿ ಕೋಶ.

ಈ ವ್ಯಾಕರಣದ ತಿರುಳು ಕನ್ನಡಿಗರಿಗೆ ಸುಲಭವಾಗಿ ತಿಳಿಯುವಂಥದು. ಹಳಗನ್ನಡದ ಪಾಲು, ಪೆಸರು, ಪುಲಿ ಎಂಬವು ಹಾಲು, ಹೆಸರು, ಹುಲಿ ಆದದ್ದನ್ನು ಶಾಲೆಯಲ್ಲೇ ಕಲಿತಿದ್ದೇವೆ; ಒಂದೆರಡು ಪದಗಳಲ್ಲಿ ಆಕಸ್ಮಿಕವಾಗಿ ಆದ ಬದಲಾವಣೆ ಅದಲ್ಲವೆಂದೂ ಗೊತ್ತಿದೆ. ಹಾಗೆಯೇ ಲ್ಯಾಟಿನ್ ಪದದ ಆದಿಯಲ್ಲಿ 'ಅ' ಅಥವಾ 'ಆ' ಸ್ವರದೊಂದಿಗೆ ಬರುವ 'ಕ' ಫ್ರೆಂಚ್‌ನಲ್ಲಿ 'ಶ' ಆಗುತ್ತದೆ: ಹಾಡು ಎಂಬ ಅರ್ಥದ 'ಕಾಂತಾರೆ' 'ಶಾಂತೆ' ಆಯಿತು, ಬಯಲು ಎಂಬ ಅರ್ಥದ 'ಕಾಂಪುಸ್' 'ಶಾಂ' ಆಯಿತು, ಕುದುರೆಯಾದ 'ಕಬಾಲುಸ್' 'ಶೆವಾಲ್' ಆಯಿತು. ಇಟಾಲಿಯನ್, ಸ್ಪ್ಯಾನಿಷ್‌ಗಳು ಈ 'ಕ'ವನ್ನು ಹಾಗೆಯೇ ಉಳಿಸಿಕೊಂಡವು. ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಲ್ಯಾಟಿನ್ ಕಾವ್ಯಗಳಲ್ಲಿ ಕುದುರೆಗೆ ಇರುವ ಪದ 'ಎಕ್ವುಸ್'; 'ಕಬಾಲುಸ್' ಎಂಬುದು ಬಡಕಲು ಕುದುರೆಗೆ ಜನ ಆಡುತ್ತಿದ್ದ ಮಾತು. ಮೂರೂ ಭಾಷೆಗಳಿಗೆ ಬಂದದ್ದು ಈ ಬಡಕಲು ಕುದುರೆಯೇ. ಅಂದಮೇಲೆ ಈ ಭಾಷೆಗಳು ಕವಿಗಳ ಲ್ಯಾಟಿನ್‌ನಿಂದ ಕೆಟ್ಟು ಹುಟ್ಟಿದವೂ ಅಲ್ಲ, ಪ್ರೊವಾನ್ಸಾಲ್‌ನ ಮಕ್ಕಳೂ ಅಲ್ಲ. ಆಡುಮಾತಿನ ಲ್ಯಾಟಿನ್‌ನಿಂದ ಒಂದೊಂದೂ ನೇರವಾಗಿ ಇಳಿದು ಬಂದವು, ಪ್ರೊವಾನ್ಸಾಲ್ ಅವುಗಳಿಗೆ ಅಕ್ಕತಂಗಿ ಮಾತ್ರ ಎಂಬುದು ಡೀಟ್ಸ್ ಅವರ ನಿಲುವು.

ಇದಕ್ಕೆ ಹಳೆಯ ಬರಹಗಳ ಆಧಾರ ಬೇಕಿತ್ತು. 842ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಬ್ಬರು ರಾಜಸೋದರರು ಪರಸ್ಪರರ ಸೈನಿಕರಿಗೆ ತಿಳಿಯಲೆಂದು ಒಬ್ಬರ ನುಡಿಯಲ್ಲಿ ಇನ್ನೊಬ್ಬರು ಮಾಡಿದ ಪ್ರತಿಜ್ಞೆಗಳು ಫ್ರೆಂಚ್‌ನ ಮೊದಲ ದಾಖಲೆಯೆಂದು ಹೆಸರಾಗಿವೆ; ಅಂಥ ಪಠ್ಯಗಳನ್ನು ಡೀಟ್ಸ್ 1846ರಲ್ಲಿ ತಿದ್ದಿ, ಟಿಪ್ಪಣಿಯೊಂದಿಗೆ ಪ್ರಕಟಿಸಿದರು. ಆದರೆ ನನಗೆ ಹೆಚ್ಚು ಇಷ್ಟವಾಗುವುದು 1865ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ವಿವರಿಸಿದ ರೈಖೆನಾವ್ ಮಠದ ಪದಪಟ್ಟಿ. ಎಂಟನೆಯ ಶತಮಾನದ ಸುಮಾರಿಗೆ ಬೈಬಲ್ಲಿನ ಲ್ಯಾಟಿನ್ ಕಠಿಣವಾಗಿ ಕಂಡ ಓದುಗರಿಗಾಗಿ ಯಾರೋ ಒಬ್ಬರು ಕಷ್ಟದ ಪದದ ಪಕ್ಕದಲ್ಲಿ ತಿಳಿಯಾದ ಪದ ಬರೆದಿಟ್ಟಿದ್ದಾರೆ. ಚೀಸ್‌ಗೆ 'ಕಾಸೆಉಂ' ಎಂದಿದ್ದರೆ ಪಕ್ಕದಲ್ಲಿ 'ಫಾರ್ಮಾಟಿಕುಂ', ಕುರಿಗೆ 'ಓವೆಸ್' ಎಂದಿದ್ದರೆ 'ಬೆರ್ಬಿಕೆಸ್', ಮರಳಿಗೆ 'ಅರೇನಾ' ಎಂದಿದ್ದರೆ 'ಸಾಬುಲೊ'. ಇಂದು ಪ್ಯಾರಿಸ್ಸಿನ ಅಂಗಡಿಯಲ್ಲಿ ಚೀಸ್ ಕೇಳಬೇಕಾದರೆ 'ಫ್ರೊಮಾಜ್' ಎನ್ನಬೇಕು, ಕುರಿ 'ಬ್ರೆಬಿ', ಮರಳು 'ಸಾಬ್ಲ್'. ಓದಿಗೆಂದು ಮಾಡಿಟ್ಟ ಒಂದು ಅರ್ಥಸೂಚಿಯಲ್ಲಿ ಫ್ರೆಂಚ್ ಹುಟ್ಟುತ್ತಿರುವುದು ಹೀಗೆ ಬರಿಗಣ್ಣಿಗೆ ಕಾಣುತ್ತದೆ.

ಫ್ರಾನ್ಸ್‌ನವರಿಗೆ ಇದು ಏಕೆ ಮೊದಲೇ ಹೊಳೆಯಲಿಲ್ಲ ಎಂದರೆ, ಅಲ್ಲಿ ಹಳೆಯ ಸಾಹಿತ್ಯ ತಮ್ಮ ಮನೆಯ ಒಡವೆಯಾಗಿತ್ತು, ಅಭಿರುಚಿಯ ವಿಷಯವಾಗಿತ್ತು. ಅತ್ತ ಬಾನ್‌ನ ತರಗತಿಯಲ್ಲಿ ಫ್ರೆಂಚ್‌ಗೆ ಪೋರ್ಚುಗೀಸ್, ರುಮೇನಿಯನ್‌ಗಳ ಪಂಕ್ತಿಯಲ್ಲಿ ಕೂರುವುದಕ್ಕಿಂತ ಹೆಚ್ಚಿನ ಮರ್ಯಾದೆಯೇನೂ ಇರಲಿಲ್ಲ. ಇದಕ್ಕೆ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿಷಯಕ್ಕೂ ಪೀಠ, ಸಂಬಳ, ಶಿಷ್ಯರು ದೊರೆಯುತ್ತಿದ್ದುದೂ ಸೇರಿತು.

ಶಿಷ್ಯರ ಪೈಕಿ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬರು 1856ರಲ್ಲಿ ಬಾನ್‌ಗೆ ಬಂದ ಫ್ರೆಂಚ್ ತರುಣ ಗಾಸ್ತೋನ್ ಪಾರಿ. ಡೀಟ್ಸ್ ಅವರ ವಿಧಾನವನ್ನು ಫ್ರಾನ್ಸ್‌ಗೆ ಒಯ್ದು, 1872ರಲ್ಲಿ ಪಾಲ್ ಮೆಯೆರ್ ಅವರೊಂದಿಗೆ 'ರೊಮಾನಿಯಾ' ಎಂಬ ವಿದ್ವತ್ ಪತ್ರಿಕೆಯನ್ನು ಆರಂಭಿಸಿದವರು ಅವರೇ. ಗುರುವಿನ ಮಾತನ್ನೆಲ್ಲ ಅವರು ಒಪ್ಪಲಿಲ್ಲ: ಹುಡುಕಿ ಪಡೆ ಎಂಬ ಅರ್ಥದ 'ತ್ರುವೆ' ಕಲಕು ಎಂಬ ಅರ್ಥದ ಲ್ಯಾಟಿನ್ 'ತುರ್ಬಾರೆ'ಯಿಂದ ಬಂದಿತೆಂದು ಡೀಟ್ಸ್ ಹೇಳಿದ್ದರೆ, ರಾಗ ಕಟ್ಟುವುದಕ್ಕೆ ಸಂಬಂಧಿಸಿದ 'ತ್ರೊಪಾರೆ'ಯಿಂದ ಬಂದಿತೆಂದು ಶಿಷ್ಯ ವಾದಿಸಿದರು. ಇನ್ನೊಬ್ಬರು ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದ ಅಡಾಲ್ಫ್ ಟೋಬ್ಲರ್. ಮಧ್ಯಯುಗದ ಫ್ರೆಂಚ್ ಪಠ್ಯಗಳನ್ನು ಓದುತ್ತ ಓದುತ್ತ ಅವರು ಪದಗಳನ್ನೂ ಪ್ರಯೋಗಗಳನ್ನೂ ಗುರುತು ಹಾಕಿಟ್ಟರು. 1910ರಲ್ಲಿ ಅವರು ತೀರಿಕೊಂಡ ಮೇಲೆ ಆ ಟಿಪ್ಪಣಿಗಳನ್ನು ಶಿಷ್ಯ ಎರ್ಹಾರ್ಡ್ ಲೊಮ್ಮಾಟ್ಷ್ ಕೈಗೆತ್ತಿಕೊಂಡು 1915ರಲ್ಲಿ ಹಳೆಯ ಫ್ರೆಂಚ್ ಪದಗಳಿಗೆ ಜರ್ಮನ್‌ನಲ್ಲಿ ಅರ್ಥ ಕೊಡುವ ಕೋಶದ ಮೊದಲ ಕಂತನ್ನು ತಂದರು. ಲೊಮ್ಮಾಟ್ಷ್ ಅವರ ಕಾಲಕ್ಕೂ ಅದು ಮುಗಿಯದೆ, ಕೊನೆಯ ಕಂತು ಬಂದದ್ದು 2002ರಲ್ಲಿ. ಹಳೆಯ ಫ್ರೆಂಚ್‌ಗೆ ಗೊದ್‌ಫ್ರುವಾ ಅವರು ಫ್ರೆಂಚ್‌ನಲ್ಲೇ ಬರೆದ ಕೋಶವೂ ಇದೆಯಾದರೂ, ಹನ್ನೆರಡನೆಯ ಶತಮಾನದ ಪದ್ಯವೊಂದರಲ್ಲಿ ಸಿಕ್ಕಿಹಾಕಿಕೊಂಡ ಪ್ಯಾರಿಸ್ಸಿನ ಸಂಶೋಧಕಿ ಟೋಬ್ಲರ್-ಲೊಮ್ಮಾಟ್ಷ್ ಕೋಶವನ್ನು ತೆಗೆದಾಗ, ತನ್ನ ಭಾಷೆಯ ಪದಕ್ಕೆ ಅರ್ಥವನ್ನು ಇಂದಿಗೂ ಜರ್ಮನ್‌ನಲ್ಲೇ ಓದಿಕೊಳ್ಳಬೇಕು.